ಸುರಂಗ ಕೊಟ್ಟ ತಾಳ

ಮನೆ, ಮುಂದಿನ ಕೋಣೆ
ಭಾನುವಾರ, ಹನ್ನೆರಡನೆಯ ತಾರೀಖು, ಮಧ್ಯಾಹ್ನ

ನನ್ನ ಜೀರುಂಡೆಗೆ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ನೀನು ಬೆಟ್ಟ ಇಳಿದು ಬಂದು ಫೋನು ಮಾಡಿದಾಗ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ ‘ಏನಿಲ್ಲಕ್ಕಾ, ಧೂಳು ಅಷ್ಟೆ, ದಿನಾ ಬೆಳಿಗ್ಗೆ ಮೈಕಿನ ಮೇಲೆ ಬಿಳಿ ಪುಡಿ ಕೂತಿರುತ್ತೆ, ಒರೆಸಿ ಒರೆಸಿ ಸಾಕಾಯ್ತು’ ಅಂದೆ. ಗಣಿ ಮುಚ್ಚಿ ಇಷ್ಟು ವರ್ಷವಾಗಿದೆ, ಒಬ್ಬರೂ ಒಂದು ಗುದ್ದಲಿ ಏಟು ಹಾಕದ ಸುರಂಗದಲ್ಲಿ ದಿನಾ ಹೊಸ ಧೂಳು ಎಲ್ಲಿಂದ ಬರುತ್ತದೋ ನನಗಂತೂ ತಿಳಿಯದು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಹಾಡುವವನು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಹೇಗೆ ಅಂತ ಎದುರು ಮಾತಾಡಬೇಡ. ಹಾಡದೆ ಇರುವಾಗ ಕಟ್ಟಿಕೋ. ನಿನ್ನ ಜೊತೆಯವರು, ಆ ಡೋಲಿನ ಹುಡುಗಿ, ಆ ಕಮಾನು ಎಳೆಯುವವನು, ಎಲ್ಲರೂ ಸರಿಯಾಗಿ ಉಣ್ಣುತ್ತಿದ್ದೀರಾ? ಹೊರಗೆ ಡೇರೆಯಲ್ಲಿ ಚಳಿ ಅಂತ ಈಗೀಗ ಸುರಂಗದ ಒಳಗೇ ಹಾಸಿಗೆ ಹಾಕಿಕೊಂಡಿದ್ದೀರಂತೆ. ಒಳಗೆ ಬೆಚ್ಚಗಿರುತ್ತದೆ ಅಂತ ನೀನು ಹೇಳಿದ್ದು ನನಗೆ ಯಾಕೋ ಹಿಡಿಸಲಿಲ್ಲ. ಬೆಚ್ಚಗೆ ಬೇಕಾದರೆ ಈ ಪತ್ರದ ಜೊತೆ ಸ್ವೆಟರು ಇಟ್ಟಿದ್ದೇನೆ, ಹಾಕಿಕೋ. ಕುರ್ಚಿ ಬಾಡಿಗೆಯವನ ಲಾರಿ ಇವತ್ತು ಸಾಯಂಕಾಲ ನಿನ್ನ ಕಡೆಗೆ ಹೊರಡುತ್ತದೆ, ಹೋಗುವಾಗ ಮನೆ ಮುಂದೆ ನಿಲ್ಲಿಸುತ್ತೇನೆ ಅಂದಿದ್ದಾನೆ. ಗಣಿಬಾಯಿಗೆ ಕಟ್ಟಲು ನೀನು ಕೇಳಿದ ಕರಿ ಪರದೆಯೂ ಹೊಲಿದು ಮಡಿಸಿ ಸಿದ್ಧವಾಗಿದೆ. ಅಷ್ಟು ದೊಡ್ಡ ಪರದೆಯನ್ನು ನಾನು ಸಿನಿಮಾ ಮಂದಿರಕ್ಕೂ ಹೊಲಿದಿಲ್ಲ. ಅದನ್ನು ಬಿಡಿಸಿ ಅಂಚು ನೋಡಿದಾಗ ಕೋಣೆಯ ಬೆಳಕೆಲ್ಲ ಅದೇ ಕುಡಿದುಬಿಟ್ಟ ಹಾಗಾಯಿತು.

ಅಪ್ಪ ಚೆನ್ನಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ, ಬಾಗಿಲ ಗಂಟೆ ಕೇಳಿಸುವುದಿಲ್ಲ, ಆದರೆ ಬೀದಿಯ ಆ ತುದಿಯಲ್ಲಿ ಭಾರದ ಗಾಡಿ ಬಂದರೆ ಇಲ್ಲಿ ಕೂತು ತಲೆ ಎತ್ತುತ್ತಾರೆ. ಊಟ, ನಿದ್ರೆ, ಹಟ, ಎಲ್ಲವೂ ಮೊದಲಿನಂತೆಯೇ ಇವೆ. ಯಾವ ಕೋಣೆಗೆ ಹೋಗುವಾಗಲೂ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿಯೇ ಒಳಗೆ ಕಾಲಿಡುವ ಆ ಅಭ್ಯಾಸವೂ ಹಾಗೇ ಇದೆ. ಅಕ್ಕಪಕ್ಕದವರು ಇನ್ನೂ ಅದನ್ನು ಮರ್ಯಾದೆ ಅಂದುಕೊಂಡಿದ್ದಾರೆ. ಎದುರುಮನೆಯ ಗಡಿಯಾರ ರಿಪೇರಿಯವರು ತಮ್ಮ ಮಕ್ಕಳಿಗೆ ಇವರನ್ನು ತೋರಿಸಿ ‘ನೋಡ್ರೋ, ಕೇಳಿ ಒಳಗೆ ಬರೋದು ಅಂದ್ರೆ ಹೀಗೆ’ ಅಂತ ಬುದ್ಧಿ ಹೇಳುತ್ತಾರೆ. ತಮ್ಮ ಸ್ವಂತ ಬಚ್ಚಲುಮನೆಗೂ ತಟ್ಟಿಯೇ ಹೋಗುವವರಿಗೆ ಎಂಥ ಮರ್ಯಾದೆಯೋ!

ಈಗ ಮುಖ್ಯ ವಿಷಯ. ನಿನ್ನ ಆಲ್ಬಂ ಬಂದು ಒಂದು ವಾರವಾಯಿತು. ಬಿಚ್ಚಲು ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ನಿನ್ನ ಮೊದಲನೆಯ ಕ್ಯಾಸೆಟ್ಟು ಕೇಳಿ ‘ನಮ್ಮನೆ ಮಿಕ್ಸಿ ಕೆಟ್ಟಾಗ ಹೀಗೇ ಕೂಗ್ತಿತ್ತು’ ಅಂದವಳು ನಾನು. ನೀನು ಆರು ತಿಂಗಳು ಮುಖ ಊದಿಸಿಕೊಂಡು ಕೂತಿದ್ದೆ. ಅವತ್ತಿನಿಂದ ನಾನು ಏನು ಹೇಳಿದರೂ ನಿನಗೆ ಅಡ್ಡಗಾಲು ಹಾಕಿದ ಹಾಗೆ. ಹಾಗಾಗಿ ಈ ಸಲ ಬಾಯಿಗೆ ಬೀಗ ಹಾಕಿಕೊಂಡು, ಅಮ್ಮನ ಕಾಲದ ಪ್ಲೇಯರಿನ ಧೂಳು ಹೊಡೆದು, ಹೊಲಿಗೆ ಅಂಗಡಿಯಲ್ಲೇ ರೆಕಾರ್ಡು ಹಾಕಿದೆ. ಒಂದು ವಾರ ಅದನ್ನೇ ಕೇಳುತ್ತ ಹೊಲಿದಿದ್ದೇನೆ. ಈಗ ನನ್ನ ಕತ್ತರಿ ಬಾಯಿಂದಲೇ ಕೇಳು: ನೀನು ದೊಡ್ಡ ಕೆಲಸ ಮಾಡಿದ್ದೀಯ ಕಣೋ. ಇಷ್ಟು ವರ್ಷ ನೀನು ಏನು ಹುಡುಕುತ್ತಿದ್ದೀ ಅಂತ ನನಗೆ ಗೊತ್ತಾಗಿರಲಿಲ್ಲ, ಈಗ ಗೊತ್ತಾಯಿತು.

ಮೊದಲ ದಿನ ನಮ್ಮ ಬಾಬಿನ್ ಇದ್ದಳು. ಅವಳನ್ನು ನೀನು ನೋಡಿದ್ದೀಯ, ನನ್ನ ಜೊತೆ ಅಂಚು ಮಡಿಸುವವಳು, ಸಣ್ಣಗೆ, ದುಂಡಗೆ, ಸದಾ ಸುತ್ತುತ್ತಿರುವವಳು. ರೆಕಾರ್ಡು ತಿರುಗಲು ಶುರುವಾಗಿ ಎಷ್ಟು ಹೊತ್ತಾದರೂ ನೀರು ತೊಟ್ಟಿಕ್ಕುವುದು ಬಿಟ್ಟು ಬೇರೇನೂ ಇಲ್ಲ. ಅವಳು ಎದ್ದು ಹೋಗಿ ನಲ್ಲಿ ನೋಡಿ ಬಂದಳು. ಆಮೇಲೆ ಆ ಕಾಲಲ್ಲಿ ಒತ್ತುವ ಹಾರ್ಮೋನಿಯಂನ ಒಂದೇ ಸ್ವರ ತಳದಿಂದ ಎದ್ದು ಬಂತಲ್ಲ, ಅವಳು ಸೂಜಿ ಕೆಳಗಿಟ್ಟು ‘ಯಾರ ಮನೇಲಿ ತೀರ್ಕೊಂಡ್ರು?’ ಅಂದಳು. ನಾನು ನೀನು ಹೇಳಿಕೊಟ್ಟ ಹಾಗೆ, ‘ಇದಕ್ಕೆ ನಿಯೋಫೋಕ್ ಅಂತಾರೆ, ಹಳೇ ಕಾಲದ ಹಾಡುಗಳನ್ನ ಹೊಸ ಥರ ಕಟ್ಟೋದು’ ಅಂದೆ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು, ‘ಹಾಡೇನೋ ಹಳೇದೇ, ಕತ್ತಲು ಮಾತ್ರ ಹೊಸದು ಹಾಕಿದಾರೆ’ ಅಂದಳು. ನಿನ್ನ ಆಲ್ಬಂ ಬಗ್ಗೆ ಪತ್ರಿಕೆಯವರು ಇಷ್ಟು ಚೆನ್ನಾಗಿ ಬರೆದರೆ ಕತ್ತರಿಸಿ ಗೋಡೆಗೆ ಅಂಟಿಸು. ಮೂರು ದಿನದ ಮೇಲೆ ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ‘ಆ ತೀರ್ಕೊಂಡೋರ ಮನೆ ಹಾಡು ಹಾಕಿ’ ಅಂತ ಕೇಳಿದಳು.

ಎರಡನೆಯ ಹಾಡು, ಅದಿರು ಒಡೆಯುವ ಹೆಂಗಸರು ಹಾಡುತ್ತಿದ್ದದ್ದು, ನನಗೆ ನೆನಪಿದೆ. ಅವರು ಅದನ್ನು ನಗುನಗುತ್ತ, ಸುತ್ತಿಗೆ ಏಟಿಗೆ ಸರಿಯಾಗಿ, ಮೇಸ್ತ್ರಿಯನ್ನು ಗೇಲಿ ಮಾಡಿಕೊಂಡು ಹಾಡುತ್ತಿದ್ದರು. ನೀನು ಅದನ್ನು ಎಳೆದೆಳೆದು ಹಾಡಿಸಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಆ ಗೇಲಿ ಮಾತುಗಳ ಕೆಳಗೆ ಎಂಥ ಹೆದರಿಕೆ ಅಡಗಿತ್ತು ಅಂತ ಕೇಳಿಸಿತು. ಆ ಹೆಂಗಸರ ಗಂಡಂದಿರು ಒಳಗಿರುತ್ತಿದ್ದರಲ್ಲ. ನೀನು ಆಗ ಅಲ್ಲಿರಲೇ ಇಲ್ಲ. ಮಗನ ನೆರಳೂ ಗಣಿಯ ಮೇಲೆ ಬೀಳಬಾರದು ಅಂತ ಅಪ್ಪ ನಿನ್ನನ್ನು ನಡೆಯಲು ಬರುವ ಮೊದಲೇ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಲ್ಲಿ ಇಲ್ಲದವನು ಅದನ್ನು ಹೇಗೆ ಕೇಳಿಸಿಕೊಂಡೆಯೋ!

ಇನ್ನು ಆ ತಾಳ. ಮೊದಲ ಹಾಡಿನಲ್ಲಿ ಒಂದೇ ಒಂದು ಸಲ ‘ಟಕ್’ ಅನ್ನುತ್ತದೆ. ನಾನು ಮೆಷಿನು ನಿಲ್ಲಿಸಿ ಸೂಜಿ ಮುರಿಯಿತೇನೋ ಅಂತ ಬಗ್ಗಿ ನೋಡಿದೆ. ದಪ್ಪ ಬಟ್ಟೆಯಲ್ಲಿ ಸೂಜಿ ಮುರಿಯುವಾಗ ಹಾಗೇ ಕೇಳಿಸುತ್ತದೆ. ಮೂರನೆಯ ಹಾಡಿಗೆ ಬಂದಾಗ ಅದು ಆಗಾಗ ಬರುತ್ತದೆ, ಒಂದು ಬಲಗಡೆ, ಒಂದು ದೂರದಲ್ಲಿ. ರೆಕಾರ್ಡಿನ ಜೊತೆ ಇಟ್ಟ ಚೀಟಿಯಲ್ಲಿ ನೀನೇ ಬರೆದಿದ್ದೀಯ: ಅದನ್ನು ಯಾರೂ ಬಾರಿಸಿದ್ದಲ್ಲ, ಸುರಂಗವೇ ಕೊಟ್ಟ ತಾಳ, ಹಾಡುಗಳನ್ನು ಚಳಿಗಾಲದ ಮೊದಲಿನಿಂದ ಕೊನೆಯವರೆಗೆ ಧ್ವನಿಮುದ್ರಿಸಿದ ಕ್ರಮದಲ್ಲೇ ಇಟ್ಟಿದ್ದೇವೆ, ದೊಡ್ಡ ಡೋಲು ತಂದ ಮೇಲೆ ಸುರಂಗ ಇನ್ನೂ ಚುರುಕಾಗಿ ಉತ್ತರ ಕೊಡತೊಡಗಿತು ಅಂತ. ಕೊನೆಯ ಹಾಡಿನಲ್ಲಂತೂ ಅದರದ್ದೇ ಕಾರುಬಾರು. ಮಾತಿಲ್ಲ, ರಾಗವಿಲ್ಲ, ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿದೆ, ಡೋಲು ಎದೆಯೊಳಗೆ ಹೊಡೆದ ಹಾಗಿದೆ, ಸುತ್ತ ಟಕ್, ಟಟಕ್, ನಡುವೆ ಒಂದೊಂದು ಉದ್ದನೆಯ ನರಳು. ಕೊನೆಯ ಹೊತ್ತಿಗೆ ಆ ಸದ್ದುಗಳು ಎಷ್ಟು ದಟ್ಟವಾಗುತ್ತವೆ ಅಂದರೆ ನಿನ್ನ ಡೋಲಿನವಳು ಬಾರಿಸುವುದನ್ನು ನಿಲ್ಲಿಸಿಬಿಡುತ್ತಾಳೆ. ಅಲ್ಲಿ ಅವಳು ನಿಲ್ಲಿಸಿದ್ದು ನನಗೆ ಬಹಳ ಇಷ್ಟವಾಯಿತು. ಆ ಹಾಡು ಮುಗಿದ ಮೇಲೆ ಬಾಬಿನ್ ಎದ್ದು ಹೋಗಿ ಹೊತ್ತಲ್ಲದ ಹೊತ್ತಿನಲ್ಲಿ ಕಿಟಕಿ ತೆರೆದಳು. ಬೇರೆ ಹಾಡುಗಳನ್ನು ಎಷ್ಟು ಸಲ ಬೇಕಾದರೂ ಕೇಳುತ್ತಾಳೆ, ಅದೊಂದು ಬಂದಾಗ ಮಾತ್ರ ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೋಗುತ್ತಾಳೆ. ಅದನ್ನೂ ಹೊಗಳಿಕೆ ಅಂತಲೇ ಇಟ್ಟುಕೋ.

ಮುಖಚಿತ್ರವೂ ಚೆನ್ನಾಗಿದೆ. ಕಪ್ಪು, ಕಪ್ಪಿನ ನಡುವೆ ಒಂದು ದೀಪ, ದೀಪದ ಎರಡೂ ಕಡೆ ಅಪ್ಪ ಮತ್ತು ಅವರ ಜೊತೆಯವರು ನಿಲ್ಲಿಸಿದ ಆಸರೆ ಕಂಬಗಳು. ಮರದ ಮೇಲೆ ಬಿಳಿ ಅಣಬೆ ಬೆಳೆದದ್ದೂ ಕಾಣುತ್ತದೆ. ಎಡಗಡೆಯ ಎರಡನೆಯ ಕಂಬಕ್ಕೆ ಸ್ವಲ್ಪ ಗೂನು ಬಂದಿದೆ, ಹಾರ್ಮೋನಿಯಂ ಮುಂದೆ ಕೂತ ನಿನ್ನ ಬೆನ್ನಿನ ಹಾಗೆ. ಡೋಲಿನವಳು ತನ್ನ ಚೀಲವನ್ನು ಅದಕ್ಕೇ ನೇತುಹಾಕಿದ್ದಾಳಲ್ಲ, ತುಂಟಿ. ಒಳಗಡೆ ‘ಕಂಬ ನಿಲ್ಲಿಸಿದವರಿಗೆ’ ಅಂತ ನೀನು ಅರ್ಪಣೆ ಬರೆದದ್ದನ್ನು ಓದಿ ಅಡುಗೆಮನೆಗೆ ಹೋಗಿ ಅತ್ತು ಬಂದೆ. ಅಪ್ಪನಿಗೆ ತೋರಿಸಿಲ್ಲ. ನಿನಗೆ ಮಾತು ಕೊಟ್ಟ ಹಾಗೆ, ನೀನು ಎಲ್ಲಿ ಹಾಡುತ್ತಿದ್ದೀ ಅಂತ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಬರುವ ಶನಿವಾರ ಸುರಂಗದೊಳಗೆ ನೀನು ಇಟ್ಟುಕೊಂಡಿರುವ ಕಛೇರಿಗೆ ಅವರನ್ನು ಕರೆದುಕೊಂಡು ಬಂದು, ಎಂಬತ್ತು ಕುರ್ಚಿಗಳ ಮೊದಲ ಸಾಲಿನಲ್ಲಿ, ಅವರೇ ನಿಲ್ಲಿಸಿದ ಕಂಬಗಳ ನಡುವೆ ಕೂರಿಸಿ, ದೀಪ ಹಚ್ಚಿದಾಗಲೇ ಗೊತ್ತಾಗಲಿ ಅಂತ ನಿನ್ನ ಆಸೆ. ಹುಟ್ಟಿದಾಗಿನಿಂದ ನಿನ್ನ ಒಂದು ಹಾಡನ್ನೂ ಪೂರ್ತಿ ಕೂತು ಕೇಳದ ಮನುಷ್ಯನಿಗೆ ನೀನು ಒಂದು ಬೆಟ್ಟವನ್ನೇ ಸಭಾಂಗಣ ಮಾಡಿಟ್ಟಿದ್ದೀಯ. ಅವರು ಬರುತ್ತಾರೋ ಇಲ್ಲವೋ, ಬಂದರೂ ಕೊನೆಯವರೆಗೆ ಕೂರುತ್ತಾರೋ ಇಲ್ಲವೋ ಅಂತ ನಿನಗಿಂತ ನನಗೇ ಹೆಚ್ಚು ಪುಕಪುಕ. ಅದಕ್ಕೇ ಇವತ್ತು ರಜೆ ಅಂತ, ಮೊದಲು ರೆಕಾರ್ಡು ಕೇಳಿಸಿ ರುಚಿ ಹತ್ತಿಸೋಣ ಅಂದುಕೊಂಡೆ.

ಪ್ಲೇಯರನ್ನು ಅಂಗಡಿಯಿಂದ ಮನೆಗೆ ತಂದು, ಬೆಳಿಗ್ಗೆ ಒಂದನೆಯ ಮಗ್ಗುಲು ಹಾಕಿದೆ. ಸ್ಪೀಕರನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟು, ಅಪ್ಪನ ಕುರ್ಚಿಯನ್ನು ಪಕ್ಕಕ್ಕೆ ಎಳೆದೆ. ಅವರು ಕಿವಿಯನ್ನು ಬಿಟ್ಟು ಅಂಗೈಯನ್ನು ಮೇಜಿನ ಮೇಲೆ ಊರಿ ಕೂತರು. ಹಾಗೇ ಕೇಳುತ್ತಾರೆ ಈಗ. ಅದಿರಿನ ಹೆಂಗಸರ ಹಾಡು ಬಂದಾಗ ಮೂಗಿನಲ್ಲೇ ನಕ್ಕರು. ಆದರೆ ನೀರು ತೊಟ್ಟಿಕ್ಕುವಲ್ಲಿ ಒಂದು ಸಲ ನನ್ನ ಮುಖ ನೋಡಿ ‘ಇದು ಎಲ್ಲಿ?’ ಅಂತ ಕೇಳಿದರು. ‘ಸ್ಟುಡಿಯೋದಲ್ಲಿ’ ಅಂದೆ. ‘ಸ್ಟುಡಿಯೋ ಸೋರ್ತದಾ?’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಮೂರನೆಯ ಹಾಡು ಮುಗಿಯುವ ಹೊತ್ತಿಗೆ ಅಂಗೈಯನ್ನು ಮೇಜಿನಿಂದ ಎತ್ತಿ, ಒರೆಸಿಕೊಂಡು, ಮತ್ತೆ ಊರಿದರು. ಸುಸ್ತಾಗಿರಬೇಕು ಅಂತ ಅಲ್ಲಿಗೆ ನಿಲ್ಲಿಸಿ ಊಟಕ್ಕೆ ಎಬ್ಬಿಸಿದೆ. ಊಟದ ಹೊತ್ತಿನಲ್ಲಿ ಮೇಲೆ ಛಾವಣಿಯ ಕಡೆ ಒಂದೆರಡು ಸಲ ನೋಡಿದರು. ಈಗ ಮಲಗಿದ್ದಾರೆ. ಎದ್ದ ಮೇಲೆ ಎರಡನೆಯ ಮಗ್ಗುಲು. ಅದರಲ್ಲಿ ಅಮ್ಮನ ಜೋಗುಳ ಇದೆಯಲ್ಲ, ಅದಕ್ಕೆ ಅವರು ಕರಗದಿದ್ದರೆ ನನ್ನ ಹೆಸರು ಬದಲಿಸು. ಏನಾಯಿತು ಅಂತ ಬಂದು ಬರೆಯುತ್ತೇನೆ. ಎದ್ದ ಸದ್ದಾಯಿತು. ಚೌಕಟ್ಟು ತಟ್ಟುತ್ತಿದ್ದಾರೆ.

ಜೀರುಂಡೆ, ಈಗ ನಾಲ್ಕು ಗಂಟೆಯಾಗಿರಬೇಕು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಏನಾಯಿತೋ ಅದನ್ನು ಆದ ಹಾಗೇ ಬರೆಯುತ್ತೇನೆ, ಯಾಕೆಂದರೆ ನನಗೇ ಇನ್ನೂ ಅರ್ಥವಾಗಿಲ್ಲ.

ಜೋಗುಳ ಚೆನ್ನಾಗಿಯೇ ನಡೆಯಿತು. ಕಮಾನಿನವನು ಆ ತಂತಿಯನ್ನು ಗರಗಸದ ಹಾಗೆ ಎಳೆಯುತ್ತಾನಲ್ಲ, ಅದರ ಮೇಲೆ ನಿನ್ನ ದನಿ ಬಂದಾಗ ಅಪ್ಪ ಕಣ್ಣು ಮುಚ್ಚಿದರು. ಹಾಡು ಮುಗಿದ ಮೇಲೆ ‘ನಿಮ್ಮಮ್ಮ ಇದನ್ನ ಇನ್ನೂ ಸ್ವಲ್ಪ ಬೇಗ ಹಾಡ್ತಿದ್ಳು’ ಅಂದರು. ಕೇಳಿದೆಯಾ? ಬೈಯಲಿಲ್ಲ, ಎದ್ದು ಹೋಗಲಿಲ್ಲ. ಆಮೇಲೆ ಮೆಲ್ಲಗೆ, ‘ಚೆನ್ನಾಗಿ ಹಾಡ್ತಾನೆ’ ಅಂತಲೂ ಅಂದರು. ಆ ಮಾತನ್ನು ಇಲ್ಲಿ ಬರೆದಿದ್ದೇನೆ, ನಿನ್ನ ಪಾಲಿಗೆ ಅದು ಭದ್ರವಾಗಿರಲಿ. ನನಗೆ ಕುಣಿದಾಡುವಷ್ಟು ಸಂತೋಷವಾಗಿ, ನಿಲ್ಲಿಸದೆ ಕೊನೆಯ ಹಾಡನ್ನೂ ಹೋಗಲು ಬಿಟ್ಟೆ.

ಮೊದಲ ಟಕ್ ಬಿದ್ದಾಗ ಅವರು ಕಣ್ಣು ತೆರೆದರು. ಎರಡನೆಯದಕ್ಕೆ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದರು. ಮುಖದಲ್ಲಿ ಹೆದರಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ, ಲೆಕ್ಕ ಹಾಕುವವರ ಮುಖ ಇರುತ್ತದಲ್ಲ, ಅದು. ಆ ಉದ್ದನೆಯ ನರಳು ಬಂದದ್ದೇ ತಡ, ಎದ್ದು ನಿಂತರು. ಮೊಣಕಾಲು ನೋವು ಅಂತ ಕುರ್ಚಿಯಿಂದ ಏಳಲು ನನ್ನ ತೋಳು ಬೇಡುವವರು, ಯಾರ ಆಸರೆಯೂ ಇಲ್ಲದೆ ಎದ್ದರು. ಮೇಜಿನ ಮೇಲೆ ನಾನು ಗುಂಡಿ ಹಾಕಿಟ್ಟುಕೊಳ್ಳುವ ಡಬ್ಬಿ ಇದೆಯಲ್ಲ, ಅವರ ಹಳೆಯ ಬುತ್ತಿ ಡಬ್ಬಿ, ಅದನ್ನು ಎತ್ತಿ ಕಂಕುಳಿಗೆ ಸೇರಿಸಿದರು. ದೀಪದ ಸ್ವಿಚ್ಚು ಆರಿಸಿದರು. ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಓಡದೆ, ಆದರೆ ನಾನು ಎಂದೂ ಕಾಣದ ಬಿರುಸಿನಲ್ಲಿ ನಡೆದು, ಬಾಗಿಲು ದಾಟಿ, ಮೆಟ್ಟಿಲಿಳಿದು ಬೀದಿಯ ನಡುವಿಗೆ ತಂದು ನಿಲ್ಲಿಸಿದರು. ನನ್ನ ಮಣಿಕಟ್ಟಿನ ಮೇಲೆ ಬೆರಳ ಗುರುತು ಇನ್ನೂ ಇದೆ. ಒಳಗೆ ರೆಕಾರ್ಡು ತಿರುಗುತ್ತಲೇ ಇತ್ತು, ತೆರೆದ ಬಾಗಿಲಿಂದ ಟಟಕ್, ಟಕ್ ಅಂತ ಕೇಳುತ್ತಿತ್ತು.

ಆಮೇಲೆ ಅವರು ಮನೆಯ ಬಾಗಿಲಿಗೆ ಮುಖ ಮಾಡಿ ನಿಂತು ಕೂಗತೊಡಗಿದರು. ‘ಉದ್ದಣ್ಣಾ’ ಅಂತ. ನಿಂತು ಕಾದರು. ‘ಇಲೀ’ ಅಂತ. ಕಾದರು. ‘ನಗೆಬುಗ್ಗೇ’. ‘ಹರಕುಚೀಲಾ’. ನಿನಗೆ ಇದು ಗೊತ್ತಿರಲಾರದು, ನಾನು ಚಿಕ್ಕವಳಿದ್ದಾಗ ಬುತ್ತಿ ಒಯ್ದು ಗಣಿಬಾಯಿಯಲ್ಲಿ ಕಾಯುತ್ತಿದ್ದಾಗ ಕೇಳಿದ ಕೂಗು ಅದು. ಎಲ್ಲರಿಗಿಂತ ಕೊನೆಗೆ ಹೊರಗೆ ಬರುವವರು ಕಂಬದ ಮೇಸ್ತ್ರಿ, ಅಂದರೆ ಅಪ್ಪ. ಬಂದು ಗಣಿಬಾಯಿಗೆ ಮುಖ ಮಾಡಿ ನಿಂತು, ಒಬ್ಬೊಬ್ಬರನ್ನೇ ಅಡ್ಡಹೆಸರಿನಿಂದ ಕೂಗಬೇಕು. ನಿಜವಾದ ಹೆಸರು ಅಲ್ಲಿ ಹೇಳುವ ಹಾಗಿಲ್ಲ, ಹೆಸರು ಒಳಗೆ ಹೋದರೆ ಮನುಷ್ಯನೂ ಹಿಂದೆಯೇ ಹೋಗುತ್ತಾನೆ ಅನ್ನುತ್ತಿದ್ದರು. ಕೂಗಿದವನು ‘ಬಂದೆ’ ಅನ್ನಬೇಕು. ಎಲ್ಲರೂ ‘ಬಂದೆ’ ಅಂದ ಮೇಲೇ ಮೇಸ್ತ್ರಿ ಮನೆಗೆ ಹೊರಡುವುದು. ನಮ್ಮ ಮನೆಯಲ್ಲಿ ಯಾರನ್ನೂ ನಿಜವಾದ ಹೆಸರಿನಿಂದ ಕರೆಯುವ ರೂಢಿ ಇಲ್ಲದ್ದು ಅದಕ್ಕೇ. ಹಗಲಿಡೀ ಗುಂಯ್‌ಗುಟ್ಟುತ್ತಿದ್ದ ನಿನಗೆ ತೊಟ್ಟಿಲಿನಲ್ಲೇ ಜೀರುಂಡೆ ಅಂತ ಹೆಸರಿಟ್ಟದ್ದೂ ಅಪ್ಪನೇ.

ಉದ್ದಣ್ಣ ಹೋಗಿ ಎಷ್ಟು ವರ್ಷವಾಯಿತು! ಇಲಿ, ನಗೆಬುಗ್ಗೆ, ಒಬ್ಬರೂ ಈಗ ಇಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಗಡಿಯಾರದವರು ಕಣ್ಣಿನ ಮಸೂರ ತೆಗೆಯುವುದನ್ನೂ ಮರೆತು ಹಾಗೇ ಹೊರಗೆ ಓಡಿ ಬಂದರು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅಪ್ಪನಿಗೆ ಅರಳುಮರಳು ಶುರುವಾಯಿತು, ನಿನ್ನ ಹಾಡು ಅವರನ್ನು ಹಿಂದಕ್ಕೆ ಎಳೆದೊಯ್ದು ಬಿಟ್ಟುಬಿಟ್ಟಿತು ಅಂದುಕೊಂಡೆ. ‘ಕತ್ತರೀ’ ಅಂತ ಅವರು ನನ್ನನ್ನು ಕೂಗಿದಾಗ, ಪಕ್ಕದಲ್ಲೇ ನಿಂತಿದ್ದವಳು, ನನಗೆ ಗೊತ್ತಿಲ್ಲದೆಯೇ ‘ಬಂದೆ’ ಅಂದೆ. ಅವರು ತಲೆಯಾಡಿಸಿದರು.

ಆಮೇಲೆ ‘ಜೀರುಂಡೇ’ ಅಂತ ಕೂಗಿದರು. ನಿಂತು ಕಾದರು. ಮತ್ತೆ ಕೂಗಿದರು. ಈಗಲೂ ಕೂಗುತ್ತಿದ್ದಾರೆ, ಬರೆಯುತ್ತಿರುವಾಗ ಕಿಟಕಿಯಿಂದ ಕೇಳುತ್ತಿದೆ. ಒಳಗೆ ಬನ್ನಿ ಅಂದರೆ ಬರುವುದಿಲ್ಲ. ಕುರ್ಚಿ ತಂದುಕೊಟ್ಟರೆ ಕೂರುವುದಿಲ್ಲ. ಗಡಿಯಾರದವರು ಪಕ್ಕದಲ್ಲಿ ನಿಂತು ಗಾಡಿಗಳನ್ನು ಸುತ್ತುಬಳಸಿ ಕಳಿಸುತ್ತಿದ್ದಾರೆ. ನಾನು ರೆಕಾರ್ಡು ನಿಲ್ಲಿಸಿದೆ, ಆದರೂ ಪ್ರಯೋಜನವಾಗಲಿಲ್ಲ.

ಕುರ್ಚಿ ಲಾರಿ ಬರುವ ಹೊತ್ತಾಯಿತು, ಪತ್ರ ಮುಗಿಸಬೇಕು. ಅಪ್ಪನ ಬಗ್ಗೆ ಚಿಂತೆ ಮಾಡಬೇಡ, ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ. ಶನಿವಾರ ಅವರನ್ನು ಕರೆತರಲು ಆಗುತ್ತದೋ ಇಲ್ಲವೋ ಹೇಳಲಾರೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡ, ಅವರು ನಿನ್ನ ಹಾಡು ಕೇಳಿದ್ದಂತೂ ಆಯಿತು. ಸ್ವೆಟರು ಹಾಕಿಕೋ. ಡೋಲಿನವಳಿಗೂ ಕಮಾನಿನವನಿಗೂ ನನ್ನ ನೆನಪು ಹೇಳು. ನಿನ್ನ ಗಂಟಲು ತಂಪಾಗಿರಲಿ, ಹೊಟ್ಟೆ ತುಂಬಿರಲಿ, ಹೋದ ಕಡೆಯಿಂದ ನಗುತ್ತ ಹಿಂತಿರುಗುವ ಹಾಗಾಗಲಿ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಕತ್ತರಿ

ತಾ.ಕ.: ಲಾರಿಯವನು ಬಂದು ನಿಂತಿದ್ದಾನೆ, ಹಾರ್ನು ಹೊಡೆಯುತ್ತಿದ್ದಾನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಮೇಲಿನದ್ದೆಲ್ಲ ಆಮೇಲೆ ಓದು, ಇದನ್ನು ಮೊದಲು ಓದು. ಅಪ್ಪನಿಗೆ ಅರಳುಮರಳಲ್ಲ. ನೀರು ಕೊಡಲು ಹೋದಾಗ ನನ್ನ ಮುಖ ಹಿಡಿದು ಹೇಳಿದರು: ‘ಮರ ಮಾತಾಡ್ತಿದೆ. ನಿನಗೆ ಕೇಳ್ಸಲ್ವಾ?’ ನಾನು ನಿನಗೆ ಕೊಟ್ಟ ಮಾತು ಮುರಿದು, ನೀನು ಎಲ್ಲಿದ್ದೀ ಅಂತ ಹೇಳಿಬಿಟ್ಟೆ. ಅವರು ಕೇಳಿಸಿಕೊಂಡು, ಗಣಿಯೊಳಗಿನ ಮಾತನ್ನು ಹೊರಗೆಂದೂ ಆಡದವರು, ಇವತ್ತು ಆಡಿದರು. ಬೇರೆ ಗಟ್ಟಿ ಮರಗಳಿದ್ದರೂ ಆ ಮರವನ್ನೇ ಕಂಬಕ್ಕೆ ಆರಿಸುತ್ತಿದ್ದದ್ದು ಅದು ಮುರಿಯುವ ಮುಂಚೆ ಕೂಗುತ್ತದೆ ಅಂತ. ‘ಕಬ್ಬಿಣ ಹೇಳದೆ ಬೀಳ್ತದೆ, ಮರ ಹೇಳಿ ಬೀಳ್ತದೆ. ಮೊದಲು ಒಂದು ಟಕ್, ಆಮೇಲೆ ಪುಡಿ ಉದುರ್ತದೆ, ಆಮೇಲೆ ಸದ್ದು ದಟ್ಟ ಆಗ್ತದೆ. ಅದು ಹೇಳ್ದಾಗ ಎದ್ದು ಬರಬೇಕು, ಅಷ್ಟೇ. ನಿನ್ನ ತಮ್ಮ ಕೂತು ಹಾಡ್ತಿದಾನೆ’ ಅಂದರು. ಒಂದು ಚಳಿಗಾಲ ಪೂರ್ತಿ ಅದು ನಿನಗೆ ಹೇಳುತ್ತಿದೆ ಕಣೋ, ನೀನು ಅದಕ್ಕೆ ಡೋಲು ಹೊಂದಿಸಿದ್ದೀಯ, ನಾನು ಅದಕ್ಕೆ ಕಾಲು ಕುಣಿಸುತ್ತ ಪರದೆ ಹೊಲಿದಿದ್ದೇನೆ. ನಿನ್ನ ಫೋನು ಹಿಡಿಯುತ್ತಿಲ್ಲ, ಹತ್ತಾರು ಸಲ ಮಾಡಿದೆ. ಅಪ್ಪನನ್ನು ಲಾರಿ ಹತ್ತಿಸಲು ನೋಡಿದೆ, ನಿಂತ ಜಾಗದಿಂದ ಕದಲುವುದಿಲ್ಲ, ಈ ಸ್ಥಿತಿಯಲ್ಲಿ ಬಿಟ್ಟು ನಾನೂ ಹೊರಡಲಾರೆ, ಬಾಬಿನ್‌ಗೆ ಬರಹೇಳಿದ್ದೇನೆ, ಅವಳು ಬಂದರೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಲಾರಿಯವನಿಗೆ ಹೇಳಿದ್ದೇನೆ, ಒಂದು ಕುರ್ಚಿಯನ್ನೂ ಇಳಿಸುವುದಿಲ್ಲ, ಗಣಿಬಾಯಿಯಲ್ಲಿ ನಿಂತು ನಿನ್ನನ್ನು ಹೊರಗೆ ಕರೆದೇ ಇದನ್ನು ಕೈಗೆ ಕೊಡುತ್ತಾನೆ. ಪರದೆ ಕಳಿಸುತ್ತಿಲ್ಲ. ಓದಿದ ಮೇಲೆ ಮತ್ತೆ ಒಳಗೆ ಕಾಲಿಡಬೇಡ, ಹಾರ್ಮೋನಿಯಂ ತರುತ್ತೇನೆ, ಮೈಕು ತರುತ್ತೇನೆ ಅನ್ನಬೇಡ, ಅಲ್ಲೇ ನಿಂತು ಡೋಲಿನವಳನ್ನೂ ಕಮಾನಿನವನನ್ನೂ ಅಡ್ಡಹೆಸರಿನಿಂದ ಕೂಗು, ಇಬ್ಬರೂ ‘ಬಂದೆ’ ಅನ್ನುವವರೆಗೆ ಕೂಗು. ಆಮೇಲೆ ಸಿಗ್ನಲ್ ಸಿಗುವ ಕಡೆಗೆ ಇಳಿದು ಫೋನು ಮಾಡು, ನಾನು ಅದನ್ನು ಅಪ್ಪನ ಅಂಗೈಗೆ ಇಡುತ್ತೇನೆ, ನೀನು ಆ ಒಂದು ಮಾತು ಅಂದರೆ ಸಾಕು. ಅಲ್ಲಿಯವರೆಗೆ ಅವರು ಬೀದಿಯಿಂದ ಒಳಗೆ ಬರುವುದಿಲ್ಲ. ಹಾಡು ಚೆನ್ನಾಗಿದೆ ಜೀರುಂಡೆ, ಬಹಳ ಚೆನ್ನಾಗಿದೆ. ಎದ್ದು ಬಾ.